ಕರೆಂಟ್ ಕೊಡೋದು ಯಾರಿಗೆ?

ಫಿಸಿಯೋಥೆರಪಿಗೆ ಹೋಗಿ ಬಂದವರನ್ನು ‘ಏನ್ ಮಾಡಿದ್ರು?’ ಅಂತ ಕೇಳಿ ನೋಡಿ. ‘ಕರೆಂಟ್ ಕೊಟ್ರು’ ಅಂತಾರೆ. ಒಂದು ಕಾಲಕ್ಕೆ ಇದು ಆಸ್ಪತ್ರೆಯ ಮಾತಾಗಿತ್ತು. ಈಗ ಭಾನುವಾರ ಹತ್ತು ಕಿಲೋಮೀಟರ್ ಓಡಿದವರು, ಜಿಮ್ಮಿನಲ್ಲಿ ಸ್ಕ್ವಾಟ್ ಹೊಡೆದವರು, ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು ಹಿಡಿಸಿಕೊಂಡವರು, ಹೀಗೆ ನಮ್ಮಲ್ಲಿ ಹಲವರ ಬ್ಯಾಗಿನಲ್ಲಿ ಒಂದು ಮಸಾಜ್ ಗನ್ನೋ, ಬೆನ್ನಿಗೆ ಅಂಟಿಸಿಕೊಳ್ಳುವ ಟೆನ್ಸ್ ಪ್ಯಾಡೋ ಇರುತ್ತೆ. ಡಬ್ಬಿಯ ಮೇಲೆ ದೊಡ್ಡದಾಗಿ ‘ರಿಕವರಿ’ ಅಂತ ಬರೆದಿರುತ್ತೆ. ಯಾರ ರಿಕವರಿ, ಯಾವುದರಿಂದ ರಿಕವರಿ ಅನ್ನೋದಕ್ಕೆ ಉತ್ತರ ಬೇಕಿದ್ದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಕಥೆ ಶುರುವಾಗೋದು ಒಂದು ಮೀನಿನಿಂದ.

ಒಂದನೇ ಶತಮಾನದ ರೋಮಿನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಅನ್ನೋ ವೈದ್ಯ ಇದ್ದ. ಗೌಟ್ ಬಂದು ಕಾಲು ನೋಯುವವರಿಗೆ ಅವನು ಹೇಳಿದ ಮದ್ದು ಇಷ್ಟು: ಸಮುದ್ರದ ಒದ್ದೆ ದಡದಲ್ಲಿ, ಶಾಕ್ ಹೊಡೆಯುವ ಜೀವಂತ ಟಾರ್ಪಿಡೊ ಮೀನಿನ ಮೇಲೆ ಕಾಲಿಟ್ಟು, ಮೊಣಕಾಲಿನ ತನಕ ಜೋಮು ಹಿಡಿಯುವವರೆಗೂ ನಿಲ್ಲಬೇಕು. ವಿದ್ಯುತ್ ಅಂದ್ರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ. ಆದರೆ ಜೋಮು ಹಿಡಿದಾಗ ನೋವು ಅಡಗುತ್ತೆ ಅನ್ನೋದು ಗೊತ್ತಿತ್ತು.

ಕರೆಂಟು ಸ್ನಾಯುವನ್ನು ಕುಣಿಸುತ್ತೆ ಅನ್ನೋದು ಖಚಿತವಾಗಿ ದಾಖಲಾಗಿದ್ದು ಬಹಳ ತಡವಾಗಿ. ಇಟಲಿಯ ಬೊಲೋನ್ಯಾದ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಒದರಿದ್ದನ್ನು 1791ರಲ್ಲಿ ಪ್ರಕಟಿಸಿದ. ಅದನ್ನು ಮನುಷ್ಯರ ಮೇಲೆ ಶ್ರದ್ಧೆಯಿಂದ ಪರೀಕ್ಷೆ ಮಾಡಿದವನು ಫ್ರಾನ್ಸಿನ ದುಶೆನ್. ಒದ್ದೆ ಎಲೆಕ್ಟ್ರೋಡುಗಳನ್ನು ಚರ್ಮದ ಮೇಲಿಟ್ಟು ಒಂದೊಂದೇ ಸ್ನಾಯುವನ್ನು ಬೇರೆ ಬೇರೆಯಾಗಿ ಕದಲಿಸೋದು ಹೇಗೆ ಅಂತ ಕಂಡುಕೊಂಡು, 1855ರಲ್ಲಿ ಪುಸ್ತಕ ಬರೆದ. ಲಕ್ವ ಹೊಡೆದವರ ಕೈಕಾಲಿಗೆ ಕರೆಂಟು ಹಾಯಿಸಿದಾಗ ಅವನಿಗೆ ಒಂದು ವ್ಯತ್ಯಾಸ ಕಾಣಿಸಿತು. ನರಕ್ಕೇ ಪೆಟ್ಟು ಬಿದ್ದಿದ್ದರೆ ಸ್ನಾಯು ಕದಲುತ್ತಿರಲಿಲ್ಲ. ಏಟು ಮೆದುಳಿಗೆ ಬಿದ್ದಿದ್ದರೆ ಅದೇ ಸ್ನಾಯು ಚೆನ್ನಾಗಿ ಕುಣಿಯುತ್ತಿತ್ತು. ಅಂದ್ರೆ ಸ್ನಾಯು ಸರಿಯಾಗೇ ಇದೆ, ಮೇಲಿಂದ ಆರ್ಡರ್ ಬರ್ತಿಲ್ಲ ಅಷ್ಟೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕರೆಂಟಿನ ಕಥೆ ಹೀಗೆ ಸಾಗುತ್ತಿದ್ದಾಗ ಇನ್ನೊಂದು ಕಡೆ ಮಾಲೀಶಿಗೂ ಯಂತ್ರ ಬಂತು. ಸ್ಟಾಕ್‌ಹೋಮಿನಲ್ಲಿ ಗುಸ್ತಾವ್ ಝಾಂಡರ್ 1865ರಲ್ಲಿ ಒಂದು ಸಂಸ್ಥೆ ತೆರೆದ. ಮೈಯನ್ನು ತಟ್ಟುವ, ನಾದುವ, ಅದುರಿಸುವ ದೊಡ್ಡ ದೊಡ್ಡ ಯಂತ್ರಗಳು. ಅವುಗಳಲ್ಲಿ ಕೆಲವು ಹಬೆಯಿಂದ ನಡೆಯುತ್ತಿದ್ದವು. ಕುರ್ಚಿ ಬಿಟ್ಟು ಏಳದ ಆಫೀಸಿನ ಮಂದಿಗೂ ಇವು ಒಳ್ಳೇದು ಅಂತ ಆಗಲೇ ಪ್ರಚಾರ ನಡೀತಿತ್ತು! 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಮಾರ್ಟಿಮರ್ ಗ್ರಾನ್‌ವಿಲ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ‘ಪರ್ಕ್ಯೂಟರ್’ ಮಾಡಿದ. ನೋಯುವ ಜಾಗಕ್ಕೆ ಟಪಟಪ ಅಂತ ಬಡಿಯುವ ಸಾಧನ ಅದು. ಇವತ್ತಿನ ಮಸಾಜ್ ಗನ್ನಿಗೆ ಮುತ್ತಜ್ಜ ಅನ್ನಬಹುದು.

ಈಗ ನಮ್ಮ ಮೈಕೈ ನೋವಿನ ವಿಷಯಕ್ಕೆ ಬರೋಣ. ಓಡಿದ ದಿನ ಏನೂ ಅನ್ನಿಸಲ್ಲ, ಮಾರನೇ ದಿನ ಮೆಟ್ಟಿಲಿಳಿಯುವಾಗ ಜೀವ ಹೋಗುತ್ತಲ್ಲ, ಅದನ್ನು 1902ರಲ್ಲೇ ಥಿಯೋಡರ್ ಹಫ್ ಅನ್ನೋ ಅಮೆರಿಕದ ವಿಜ್ಞಾನಿ ವಿವರಿಸಿದ್ದ. ಇದು ಬರೀ ದಣಿವಲ್ಲ, ಸ್ನಾಯುವಿನ ಒಳಗೆ ಸಣ್ಣಪುಟ್ಟ ಹರಿತ ಆಗಿರಬೇಕು ಅಂತ ಅವನ ಊಹೆ. ಒಳಗಾಗುವ ಸಣ್ಣ ಗಾಯ, ಅದರ ಉರಿಯೂತ ಅನ್ನೋ ವಿವರಣೆ ಇವತ್ತಿಗೂ ಉಳಿದುಕೊಂಡಿದೆ. ‘ಲ್ಯಾಕ್ಟಿಕ್ ಆಸಿಡ್ ಹೊರಗೆ ಹಾಕಬೇಕು’ ಅಂತ ಜಿಮ್ಮಿನಲ್ಲಿ ಹೇಳ್ತಾರಲ್ಲ, ಅದು ವ್ಯಾಯಾಮ ಮುಗಿದು ಒಂದೆರಡು ಗಂಟೆಯೊಳಗೆ ತಾನಾಗೇ ಖಾಲಿಯಾಗಿರುತ್ತೆ. ಮರುದಿನ ಗನ್ ಹಿಡಿದು ಅಟ್ಟಿಸೋಕೆ ಅಲ್ಲಿ ಏನೂ ಉಳಿದಿರಲ್ಲ.

ಹಾಗಾದರೆ ಗನ್ ಹಿಡಿದಾಗ ಹಾಯ್ ಅನ್ನಿಸೋದು ಸುಳ್ಳಾ? ಖಂಡಿತ ಅಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನೋ ಇಬ್ಬರು ಒಂದು ಸಿದ್ಧಾಂತ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ. ಸ್ಪರ್ಶದ, ಅದುರುವಿಕೆಯ ಸುದ್ದಿ ಜೋರಾಗಿ ಬಂದರೆ ನೋವಿನ ಸುದ್ದಿಗೆ ಆ ಗೇಟು ಅರ್ಧ ಮುಚ್ಚಿಕೊಳ್ಳುತ್ತೆ. ಮೊಣಕೈ ತಾಗಿದ ಕೂಡಲೇ ನಾವು ಉಜ್ಜಿಕೊಳ್ಳೋದು ಇದಕ್ಕೇ. ಟೆನ್ಸ್ ಯಂತ್ರ ಬೆಳೆದದ್ದೂ ಇದೇ ಯೋಚನೆಯಿಂದ. ನೋವಿನ ಸದ್ದು ಕಮ್ಮಿಯಾಗುತ್ತೆ ಅನ್ನೋದು ನಿಜ. ಆದರೆ ಸದ್ದು ಕಮ್ಮಿಯಾಯಿತು ಅಂದ್ರೆ ರಿಪೇರಿ ಮುಗೀತು ಅಂತಲ್ಲ.

ಮಾರಾಟಗಾರರು ಈ ವ್ಯತ್ಯಾಸವನ್ನು ಅಳಿಸುತ್ತಲೇ ಬಂದಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಪುಲ್ವರ್‌ಮಾಕರ್ ಎಂಬಾತನ ಎಲೆಕ್ಟ್ರಿಕ್ ಸರಪಳಿ, ಬೆಲ್ಟುಗಳು ನೂರೆಂಟು ಕಾಯಿಲೆಗೆ ಮದ್ದು ಅಂತ ಬಿಕರಿಯಾದವು. 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಯಾಕೋವ್ ಕೋಟ್ಸ್, 2500 ಹರ್ಟ್ಸ್ ಕರೆಂಟಿನಿಂದ ಕ್ರೀಡಾಪಟುಗಳ ಬಲ ಶೇ. 40ರವರೆಗೆ ಹೆಚ್ಚಿತು ಅಂದ. ಪಶ್ಚಿಮದ ಪ್ರಯೋಗಾಲಯಗಳಿಗೆ ಅಷ್ಟು ದೊಡ್ಡ ಲಾಭ ಸಿಗಲಿಲ್ಲ, ಆದರೆ ಜಾಹೀರಾತಿಗೆ ಆ ಮಾತೇ ಸಾಕಿತ್ತು. ಸೋಫಾದಲ್ಲಿ ಕೂತೇ ಸಿಕ್ಸ್ ಪ್ಯಾಕ್ ಬರುತ್ತೆ ಅಂತ ಎಲೆಕ್ಟ್ರಿಕ್ ಬೆಲ್ಟ್ ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಕೇಸು ಹಾಕಬೇಕಾಯಿತು.

ನನಗೆ ಈ ಇತಿಹಾಸದಲ್ಲಿ ತುಂಬಾ ಮುಖ್ಯ ಅನ್ನಿಸೋದು 1961ರ ಒಂದು ಪ್ರಯೋಗ. ಅಮೆರಿಕದಲ್ಲಿ ವ್ಲಾದಿಮಿರ್ ಲೈಬರ್ಸನ್ ಮತ್ತು ಸಂಗಡಿಗರು, ಸ್ಟ್ರೋಕ್ ಆಗಿ ಪಾದ ಎತ್ತಲಾರದೆ ಎಳೆದುಕೊಂಡು ನಡೆಯುತ್ತಿದ್ದವರ ಬೂಟಿನ ಹಿಮ್ಮಡಿಯಲ್ಲಿ ಒಂದು ಸ್ವಿಚ್ಚಿಟ್ಟರು. ಹಿಮ್ಮಡಿ ನೆಲ ಬಿಟ್ಟ ಕ್ಷಣಕ್ಕೆ ಕಾಲಿನ ನರಕ್ಕೆ ಕರೆಂಟು ಹರಿದು ಪಾದ ಮೇಲೇಳುತ್ತಿತ್ತು. ದುಶೆನ್ ಕಂಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಮೆದುಳು ಕಳಿಸಲಾಗದ ಆರ್ಡರನ್ನು ಹೊರಗಿನಿಂದ, ಹೆಜ್ಜೆ ಇಡುವ ಹೊತ್ತಿಗೆ ಸರಿಯಾಗಿ ಕೊಟ್ಟರು.

‘ಹೆಜ್ಜೆ ಇಡುವ ಹೊತ್ತಿಗೆ’ ಅನ್ನೋದರಲ್ಲೇ ಎಲ್ಲ ಇದೆ. ರೋಗಿ ನಡೆಯೋಕೆ ಹೊರಟಿದ್ದ, ಕರೆಂಟು ಜೊತೆಗೆ ನಿಂತಿತು. ನಮ್ಮ ಮನೆಗಳಲ್ಲಿ ಸ್ಟ್ರೋಕ್ ಆದ ಹಿರಿಯರಿಗೆ ‘ದಿನಾ ಕರೆಂಟ್ ಕೊಡಿಸ್ತಿದ್ದೀವಲ್ಲ’ ಅಂತ ಸಮಾಧಾನ ಹೇಳಿ, ನಡೆಸುವ, ಕೈ ಆಡಿಸುವ ಕಷ್ಟದ ಅಭ್ಯಾಸವನ್ನು ಕೈಬಿಡೋದು ಉಂಟು. ಇದರಿಂದ ಆಗುವ ನಷ್ಟ ದೊಡ್ಡದು. ಮಲಗಿದ ಕಾಲಿಗೆ ಕರೆಂಟು ಕೊಟ್ಟು ಸುಮ್ಮನಾಗಬೇಡಿ. ಇದನ್ನು ಇಟ್ಟುಕೊಂಡು ಯಾವ ಅಭ್ಯಾಸ ಮಾಡಿಸಬೇಕು ಅಂತ ಫಿಸಿಯೋಥೆರಪಿಸ್ಟರನ್ನು ಕೇಳಿ.

ಇನ್ನು ನಮ್ಮ ಓಟದ ನೋವಿಗೆ ನಿದ್ದೆ, ಊಟ, ಹಗುರ ನಡಿಗೆ, ಎರಡು ಮೂರು ದಿನ ಸಾಕು. ಗನ್ ಬೇಕಿದ್ದರೆ ಹಿಡೀರಿ, ಹಾಯ್ ಅನ್ನಿಸುತ್ತೆ. ಹಾಯ್ ಅನ್ನಿಸಿತು ಅಂತ ಮಾರನೇ ದಿನವೇ ಅದೇ ಸ್ನಾಯುವಿನ ಮೇಲೆ ಇನ್ನಷ್ಟು ಭಾರ ಹೇರಬೇಡಿ, ಅಷ್ಟೆ.