ನೆಲನೆಲ್ಲಿಯ ಗುರುತು ಎಲೆಯ ಅಡಿಯಲ್ಲಿದೆ

ಮಳೆ ಹಿಡಿದ ಮೇಲೆ ಅಡಿಕೆ ತೋಟ, ಹೊಲದ ಬದು, ಹೂಕುಂಡ ಎನ್ನದೆ ನೆಲನೆಲ್ಲಿ ಏಳುತ್ತದೆ. ಕಾಮಾಲೆಯ ಮದ್ದೆಂದು ಹಳ್ಳಿಗಳಲ್ಲಿ ಇದಕ್ಕೆ ಹೆಸರಿದೆ. ಆದರೆ ಆ ಒಂದು ಹೆಸರಿನಡಿ ನಾವು ಕೀಳುವುದು ಒಂದೇ ಗಿಡವನ್ನಲ್ಲ. ಫಿಲಾಂತಸ್ ಕುಲದ ಹಲವು ಜಾತಿಗಳು ಬೆರೆತು ಬೆಳೆಯುತ್ತವೆ.

ಮೊದಲು ಕುಲ

ಹುಣಸೆ ಎಲೆಯಂತೆ ಕಾಣುವ ಗರಿ ವಾಸ್ತವವಾಗಿ ಸಣ್ಣ ಕೊಂಬೆ. ಅದರ ಇಕ್ಕೆಲದಲ್ಲಿರುವುದು ಬಿಡಿ ಎಲೆಗಳು. ಆ ಎಲೆಗಳ ಕಂಕುಳಲ್ಲಿ ಹೂ, ಕಾಯಿ ಬಿಡುವುದೇ ಇದಕ್ಕೆ ಸಾಕ್ಷಿ. ಕಾಂಡ ಮುರಿದಾಗ ಬಿಳಿ ಹಾಲು ಒಸರಿದರೆ ಅದು ನೆಲನೆಲ್ಲಿಯಲ್ಲ.

ಗರಿ ಮಗುಚಿ ನೋಡಿ

ಎಲೆಯನ್ನಷ್ಟೇ ನೋಡಿ ಹೆಸರು ಹೇಳುವವರನ್ನು ನಂಬಬೇಡಿ. ಮದ್ದಿಗೆ ಹೆಚ್ಚು ಬಳಕೆಯಾಗುವ ಫಿಲಾಂತಸ್ ಅಮರಸ್‌ನಲ್ಲಿ ಕಾಯಿ ನುಣುಪು, ಪುಟ್ಟ ತೊಟ್ಟಿನಿಂದ ಕೆಳಗೆ ಜೋತಿರುತ್ತದೆ. ಫಿಲಾಂತಸ್ ಯೂರಿನೇರಿಯಾದಲ್ಲಿ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಕಾಯಿ ಕೊಂಬೆಗೇ ಅಂಟಿರುತ್ತದೆ, ಮೈ ಒರಟು. ಇದರ ಕಾಂಡ ಹಲವು ಬಾರಿ ಕೆಂಪಗಿದ್ದರೂ ಬಣ್ಣ ಬಿಸಿಲಿಗೆ ತಕ್ಕಂತೆ ಬದಲಾಗುವುದರಿಂದ ಅದೊಂದೇ ಸಾಲದು. ಬೀಜವನ್ನು ಭೂತಗನ್ನಡಿಯಡಿ ಹಿಡಿದರೆ ಅಮರಸ್‌ನಲ್ಲಿ ಗೆರೆಗಳು ಉದ್ದಕ್ಕೆ, ಯೂರಿನೇರಿಯಾದಲ್ಲಿ ಅಡ್ಡಕ್ಕೆ.

ಫಿಲಾಂತಸ್ ಫ್ರೆಟರ್ನಸ್, ಡೆಬಿಲಿಸ್ ಇನ್ನೂ ಕಷ್ಟ. ಇವುಗಳ ಕಾಯಿಯೂ ನುಣುಪು, ತೊಟ್ಟೂ ಇದೆ. ಆಗ ಹೂವಿನಲ್ಲಿ ಎಸಳಿನಂತೆ ಕಾಣುವ ಪುಷ್ಪಪತ್ರಗಳನ್ನು ಎಣಿಸಬೇಕು: ಅಮರಸ್‌ಗೆ ಸಾಮಾನ್ಯವಾಗಿ 5, ಇವೆರಡಕ್ಕೂ 6. ಅಮರಸ್‌ನ ಒಂದೇ ಕಂಕುಳಲ್ಲಿ ಗಂಡು ಹೂ, ಹೆಣ್ಣು ಹೂ ಜೊತೆಯಾಗಿರುವುದೂ ಒಳ್ಳೆಯ ಗುರುತು.

ಹೆಸರಿನ ಗೊಂದಲ

ನಮ್ಮ ಹಳೆಯ ಸಸ್ಯಗ್ರಂಥಗಳು ಇವುಗಳಲ್ಲಿ ಹಲವನ್ನು ಫಿಲಾಂತಸ್ ನಿರೂರಿ ಎಂದವು. ಲಿನೇಯಸ್ 1753ರಲ್ಲಿ ಆ ಹೆಸರಿಟ್ಟ ಗಿಡ ಅಮೆರಿಕ ಖಂಡದ್ದು. ಭಾರತದಲ್ಲಿ ಆ ಹೆಸರಿನಿಂದ ಕರೆಯುತ್ತಿದ್ದದ್ದು ಅಮರಸ್, ಫ್ರೆಟರ್ನಸ್, ಡೆಬಿಲಿಸ್ ಎಂಬ ಮೂರು ಜಾತಿಗಳನ್ನು ಎಂದು 1985ರಲ್ಲಿ ಸಸ್ಯವಿಜ್ಞಾನಿಗಳಾದ ಮಿತ್ರಾ ಮತ್ತು ಜೈನ್ ತೋರಿಸಿಕೊಟ್ಟರು. ಔಷಧದ ಡಬ್ಬಿಗಳ ಮೇಲೆ ಇಂದಿಗೂ ನಿರೂರಿ ಎಂದೇ ಕಾಣುತ್ತದೆ.

ಗಂಧಿಗೆ ಅಂಗಡಿಯಲ್ಲಿ

ದಕ್ಷಿಣ ಭಾರತದ ಅಂಗಡಿಗಳ ಒಣ ನೆಲನೆಲ್ಲಿಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ಜಾತಿಗಳು ಸಿಕ್ಕವು. ಹೆಚ್ಚಿನ ಪಾಲು ಅಮರಸ್‌ನದು. ಮದ್ದಿನ ಗುಣಕ್ಕೆ ಸಂಬಂಧಿಸಿದ ಫಿಲಾಂತಿನ್ ಎಂಬ ರಾಸಾಯನಿಕ ಎಲ್ಲ ಜಾತಿಗಳಲ್ಲಿ ಒಂದೇ ಪ್ರಮಾಣದಲ್ಲಿಲ್ಲ, ಆದ್ದರಿಂದ ಈ ಬೆರಕೆ ಸಣ್ಣ ಮಾತಲ್ಲ. ಕಾಮಾಲೆಗೆ ಕಾರಣಗಳೂ ಹಲವು. ಮೊದಲು ವೈದ್ಯರಲ್ಲಿ ರಕ್ತಪರೀಕ್ಷೆ ಆಗಲೇಬೇಕು. ಇನ್ನು ಗುರುತಿಸುವ ಮಾತು: ಒಣಗಿದ ಕಟ್ಟಿನಲ್ಲಿ ಎಲೆ, ಕಾಯಿ ಉದುರಿ ಬರಿಗಣ್ಣಿಗೆ ಗುರುತು ಸಿಗುವುದು ಕಷ್ಟ. ಹೂ, ಕಾಯಿ ಎರಡೂ ಇರುವ ಹಸಿ ಗಿಡವನ್ನು ಬೇರುಸಹಿತ ಕಿತ್ತು, ಆಗಲೇ ನೋಡಿ.