ಮುಂದಿಡುವ ಮಾತು

ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಸೀಮೆಯ ಬೇವೂರಿನಲ್ಲಿ ಊರವರ ಸಭೆಯೊಂದರಲ್ಲಿ ನಾನು ಕುಳಿತಿದ್ದೆ. ಕೆರೆಯ ಹೂಳೆತ್ತುವ ಯೋಜನೆಯ ಬಗೆಗೆ ಬಂದಿದ್ದ ಕಾಗದವನ್ನು ತರುಣನೊಬ್ಬ ಓದಿದ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಬರಹ. ಯಾವ ಕಚೇರಿಯದೆಂಬುದು ಇಲ್ಲಿ ಬೇಡ. ‘ಈ ಯೋಜನೆಯನ್ನು ಮುಂದಕ್ಕೆ ಹಾಕಲಾಗಿದೆ’ ಎಂಬ ವಾಕ್ಯ ಬಂದೊಡನೆ ಹಿರಿಯರೊಬ್ಬರು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದರು. ‘ಮುಂದಕ್ಕ ಹಾಕ್ಯಾರಂದ್ರ ಇನ್ನೇನೈತಿ ತಮ್ಮಾ, ಬರೂ ವರ್ಷ ಕೂಡೂಣಂತ’ ಎಂದರು. ಬರೆದಾತನ ಮನಸ್ಸಿನಲ್ಲಿದ್ದುದು ‘ಪುಟ್ ಫಾರ್ವರ್ಡ್’ ಎಂಬ ನುಡಿಗಟ್ಟು, ಎಂದರೆ ಸಲಹೆಯನ್ನು ಜನರ ಮುಂದಿಡುವುದು. ಕೇಳಿದವರಿಗೆ ದಕ್ಕಿದ್ದು ಅದರ ತದ್ವಿರುದ್ಧ.

ಮುಂದಿಡುವುದಕ್ಕೂ ಮುಂದಕ್ಕೆ ಹಾಕುವುದಕ್ಕೂ ನಡುವೆ ಒಂದು ವಿಭಕ್ತಿಯಷ್ಟೇ ಅಂತರ. ಆದರೆ ಮೊದಲನೆಯದರಲ್ಲಿ ಎದುರಿಗೊಬ್ಬ ಮನುಷ್ಯನಿದ್ದಾನೆ. ಎರಡನೆಯದರಲ್ಲಿ ಬರಿಯ ಕಾಲವಿದೆ. (ಅನೇಕ ಯೋಜನೆಗಳ ಪಾಲಿಗೆ ಎರಡೂ ಒಂದೇ ಆಗುತ್ತವೆಂಬುದು ಬೇರೆ ಮಾತು.)

ಎದುರಿನ ಆ ಮನುಷ್ಯ ಯಾರು ಎಂಬುದರ ಮೇಲೆಯೇ ಈ ಶಬ್ದಗಳ ಚರಿತ್ರೆ ನಿಂತಿದೆಯೆಂದು ನನಗೆ ತೋರುತ್ತದೆ. ಅದೇ ಸೀಮೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ದೇವಾಲಯ ಕಟ್ಟಿಸಿದ. ಆ ಕಾಲದ ದಾನಶಾಸನಗಳಲ್ಲಿ ‘ಬಿನ್ನಪಂಗೆಯ್ಯೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆಳಗಿನವನು ತಲೆಬಾಗಿ ಬಿನ್ನವಿಸಬೇಕು, ಮೇಲಿನವನು ಕರುಣಿಸಬೇಕು. ಅರಸನೇ ಮುಂದಿಡುವ ಸಂದರ್ಭವೂ ಉಂಟು: ಅದು ರಣವೀಳ್ಯ. ಎದುರಿಗಿಟ್ಟ ವೀಳ್ಯವನ್ನು ಎತ್ತಿಕೊಂಡವನು ಕಾರ್ಯಕ್ಕೆ ಒಪ್ಪಿದನೆಂದೇ ಅರ್ಥ. ಮುಂದಿಟ್ಟದ್ದನ್ನು ಎತ್ತಿಕೊಳ್ಳಬಹುದು, ಬಿಡಲೂಬಹುದು ಎಂಬ ಭಾವ ನಮ್ಮ ಭಾಷೆಗೆ ಹೊಸದಲ್ಲ. ಇಂಗ್ಲಿಷಿನಿಂದ ಕಡ ತರಬೇಕಾಗಿರಲಿಲ್ಲ.

ಮುಂದೆ ನಿಜಾಮರ ಆಳಿಕೆ ಬಂದಿತು. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರಿಗೆ ಸೇರಿದವು. ಕಚೇರಿಯ ಭಾಷೆ ಮೊದಲು ಫಾರ್ಸಿ, ಬಳಿಕ ಉರ್ದು. ಬಿನ್ನಪ ಹೋಗಿ ಅರ್ಜಿಯಾಯಿತು, ಯೋಜನೆ ‘ತಜವೀಜು’ ಆಯಿತು. ಈ ಅರಬ್ಬೀ ಮೂಲದ ಶಬ್ದ ಕನ್ನಡಿಗರ ಬಾಯಲ್ಲಿ ವಿಚಾರಣೆ, ಏರ್ಪಾಡು ಎಂದೆಲ್ಲ ಅರ್ಥ ಪಡೆಯಿತು. ಮುಂಬಯಿ ಪ್ರಾಂತದ ಕಡೆಯಿಂದ ಮರಾಠಿಯ ‘ಠರಾವು’ ಬಂದಿತು. ಇದೊಂದು ವಿಚಿತ್ರ. ಠರಾವು ಎಂದರೆ ಗೊತ್ತಾದದ್ದು, ತೀರ್ಮಾನವಾದದ್ದು. ಆದರೂ ‘ಠರಾವು ಮಂಡಿಸಿದರು’ ಎನ್ನುತ್ತೇವೆ; ಚರ್ಚೆಗೆ ಮುನ್ನವೇ ತೀರ್ಮಾನ! ‘ಮಂಡಿಸು’ ಎಂಬುದಕ್ಕೆ ಹಳೆಯ ಕಾವ್ಯಗಳಲ್ಲಿ ಕುಳಿತುಕೊಳ್ಳು ಎಂದರ್ಥ. ಇಂದು ಮಂಡಿಸುವವರು ಎದ್ದು ನಿಲ್ಲುತ್ತಾರೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಈ ಸೀಮೆ ಕನ್ನಡನಾಡಿಗೆ ಬಂದಿತು. 1963ರಲ್ಲಿ ರಾಜ್ಯಭಾಷಾ ಶಾಸನವಾಯಿತು. ಶಬ್ದಗಳು ಅಷ್ಟು ಬೇಗ ಬದಲಾಗಲಿಲ್ಲ. ಆದರೆ 1993ರ ಪಂಚಾಯತ್ ರಾಜ್ ಶಾಸನದ ಅನಂತರದ ಯಾವುದಾದರೂ ಹಳ್ಳಿಯ ನಡಾವಳಿ ಪುಸ್ತಕ ತೆರೆದು ನೋಡಿ. ಗೊತ್ತುವಳಿಯ ಕೆಳಗೆ ‘ಸೂಚಕರು’, ‘ಅನುಮೋದಕರು’ ಎಂಬ ಎರಡು ಸಾಲುಗಳಿರುತ್ತವೆ. ಕೆಲವೆಡೆ ಅಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ. ಬಿನ್ನವಿಸುತ್ತಿದ್ದವರ ಮಕ್ಕಳು ಸೂಚಕರಾಗಿದ್ದಾರೆ. ಇಂಥವರಿಗೆ ಓದಿ ಹೇಳುವ ಕನ್ನಡ ತಪ್ಪಾದರೆ ನಷ್ಟವಾಗುವುದು ವ್ಯಾಕರಣಕ್ಕಲ್ಲ, ಕೆರೆಗೆ.

ಬೇವೂರಿನ ಆ ಹಿರಿಯರನ್ನು ಮತ್ತೆ ಕೂಡಿಸಲಾಯಿತು. ತರುಣ ಕಾಗದವನ್ನು ಮಡಿಸಿಟ್ಟು, ‘ಕೆರೀ ಹೂಳು ತಗಸೋದು ನಿಮ್ಮ ಮುಂದ ಇಟ್ಟಾರ್ರೀ ಯಜ್ಜಾ, ಏನಂತೀರಿ?’ ಎಂದು ಕೇಳಿದ. ಅವರು ಮೊದಲು ಎಲೆಡಿಕೆಯ ಚೀಲ ಬಿಚ್ಚಿದರು. ಆಮೇಲೆ, ತೆಗೆದ ಹೂಳು ಯಾರ ಹೊಲಕ್ಕೆ ಎಂದು ಕೇಳಿದರು.