ಕಡಲಿಲ್ಲದ ಊರೂ ಕಡಲನ್ನಾಲಿಸುವ ಪಡೆಯೂ

ಕೊಂಡಾಪುರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಡಲು ದೂರದ ಮಾತು. ಆದರೂ ಭಾರತೀಯ ನೌಕಾದಳದ ವಿದ್ಯುನ್ಮಾನ ಸಮರದ ಚರಿತ್ರೆಯನ್ನು ಹೈದರಾಬಾದನ್ನು ಬಿಟ್ಟು ಬರೆಯಲಾಗದು.

ಶತ್ರುವಿನ ರೇಡಾರು ಹೊರಸೂಸುವ ಅಲೆಗಳನ್ನು ಆಲಿಸಿ ಅದರ ನೆಲೆಯನ್ನರಿಯುವುದು, ಬೇಕಾದಾಗ ಅದನ್ನು ಕುರುಡುಗೊಳಿಸುವುದು, ಇದೇ ಈ ಸಮರದ ಸ್ವರೂಪ. ಅಮೆರಿಕೆಯಲ್ಲಿ ಇದಕ್ಕೆಂದೇ 1977ರಲ್ಲಿ ನೌಕಾ ಮೀಸಲು ಪಡೆಯ 209ನೆಯ ವಿಮಾನದಳ ಸ್ಥಾಪಿತವಾಯಿತು. ನಮ್ಮಲ್ಲಿ ಈ ಹೊಣೆ ಬಂದುದು ಮೀಸಲಿನದಲ್ಲದ 310ನೆಯ ದಳಕ್ಕೆ, ಅದೂ ತಡವಾಗಿ.

ಆ ದಳ 1961ರ ಮಾರ್ಚ್ 21ರಂದು ಫ್ರಾನ್ಸಿನ ಈಯೆರ್‌ನಲ್ಲಿ ಆರಂಭವಾಯಿತು. ಜಲಾಂತರ್ಗಾಮಿಗಳನ್ನು ಅರಸುವ ಅಲಿಝೆ ವಿಮಾನಗಳು ಅದರವು; ಒಂದೊಂದರಲ್ಲಿ ಮೂವರು. ವಿಕ್ರಾಂತದ ಮೇಲಿನಿಂದ ಹಾರಿದ ಇವು 1971ರ ಡಿಸೆಂಬರಿನಲ್ಲಿ ಪೂರ್ವ ಬಂಗಾಳದ ಬಂದರುಗಳ ಮೇಲೆ ದಾಳಿ ನಡೆಸಿದುವು. ಅದೇ ತಿಂಗಳ 10ರಂದು ಪಶ್ಚಿಮ ಕಡಲಿನ ಮೇಲೆ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅಲಿಝೆಯನ್ನು ಹೊಡೆದುರುಳಿಸಿತು. ಅದರಲ್ಲಿದ್ದ ಮೂವರೂ ಮರಳಲಿಲ್ಲ. ಯುದ್ಧದ ಕಥನಗಳು ಮುಳುಗಿದ ಹಡಗುಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಇವರನ್ನು ನೆನೆಯುವುದಿಲ್ಲ. 1991ರಲ್ಲಿ ಅಲಿಝೆಗಳು ನಿವೃತ್ತವಾಗಿ ಡಾರ್ನಿಯರುಗಳು ಬಂದ ಮೇಲೆ ವಿದ್ಯುನ್ಮಾನ ಕಾರ್ಯವೂ ದಳದ ಪಾಲಿಗೆ ಸೇರಿತು.

ಕಾಕತಾಳೀಯವೆನ್ನಬಹುದು: ನಗರದ ಮತ್ತೊಂದು ತುದಿಯಲ್ಲಿ, ಚಂದ್ರಾಯಣಗುಟ್ಟದಲ್ಲಿರುವ ರಕ್ಷಣಾ ವಿದ್ಯುನ್ಮಾನ ಸಂಶೋಧನಾಲಯ ಹುಟ್ಟಿದುದೂ 1961ರಲ್ಲಿಯೇ. ನೌಕೆಗಳಿಗಾಗಿ ಅದು ರೂಪಿಸಿದ ‘ಅಜಂತಾ’ವನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಅದು ಹಡಗಿನ ಉಪಕರಣ, ವಿಮಾನದ್ದಲ್ಲ ನಿಜ. ವಿದ್ಯೆ ಮಾತ್ರ ಒಂದೇ. ಅಲ್ಲಿಯದೇ ಆದ ‘ಶಕ್ತಿ’ಯನ್ನು 2021ರ ನವೆಂಬರಿನಲ್ಲಿ ನೌಕಾದಳಕ್ಕೆ ಒಪ್ಪಿಸಲಾಯಿತು.